ಡಿಪೋ ಗೇಟಿನ ಮುಂದೆ ‘ಹಾ’

ನಮ್ಮ ಮನೆಯವರು ಕುಡಿಯುತ್ತಿದ್ದ ಕಾಲದಲ್ಲಿ ನಮ್ಮ ಓಣಿಯ ಜನ ಬಲು ಸಭ್ಯರಾಗಿದ್ದರು. ಈ ಮನುಷ್ಯ ಗೋಡೆ ಹಿಡಿದುಕೊಂಡು ಬರುವುದು ಕಂಡರೆ ಸಾಕು, ಎಲ್ಲರೂ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಮರುದಿನ ನಾನು ಎದುರಾದರೆ ಮಳೆಯ ಮಾತು, ತೊಗರಿಯ ಮಾತು. ಒಬ್ಬರೂ ಒಂದು ಪ್ರಶ್ನೆ ಕೇಳಿದವರಲ್ಲ. ಕುಡಿತ ಬಿಟ್ಟು ಮನೆಗೆ ಬಂದರು ನೋಡಿ, ಅವತ್ತಿನಿಂದ ಅಫಜಲಪುರಕ್ಕೆ ಅಫಜಲಪುರವೇ ನಮ್ಮ ಮನೆಯ ಕಾಳಜಿಗೆ ನಿಂತಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷಗಳು. ನಮ್ಮವರು ಸರ್ಕಾರಿ ಬಸ್ಸಿನ ಡ್ರೈವರ್. ಜೇವರ್ಗಿಗೆ ಹೋಗುವ ಬೆಳಗಿನ ಗಾಡಿ ಅವರದು. ನನ್ನ ತವರು ಜೇವರ್ಗಿ ಕಡೆಯದು. ಮಗಳು ಬೇಕೆಂದಾಗ ಗಂಡನ ಗಾಡಿಯಲ್ಲೇ ಬಂದು ಹೋಗುತ್ತಾಳೆ ಎಂಬ ಆಸೆಗೇ ನನ್ನ ತಂದೆ ಈ ಸಂಬಂಧ ಒಪ್ಪಿದ್ದರು. ಅವರ ಎಣಿಕೆ ತಪ್ಪಲಿಲ್ಲ. ನಾನು ಬಂದು ಹೋಗುತ್ತಿದ್ದೆ, ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತ. ಪುಣ್ಯಕ್ಕೆ ಗಾಡಿ ಎಂದೂ ಯಾರಿಗೂ ತಾಗಲಿಲ್ಲ. ಒಂದು ದಿನ ಮಾತ್ರ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಪ್ರಯಾಣಿಕರು ಎಬ್ಬಿಸಲು ಹೆದರಿ, ಗಂಟು ತಲೆಯ ಮೇಲಿಟ್ಟುಕೊಂಡು ನಡೆದೇ ಊರು ಸೇರಿದರು. ಡಿಪೋದ ಸಾಹೇಬರು ಕರೆಸಿ, ‘ನೌಕರಿ ಬೇಕೋ ಬಾಟ್ಲಿ ಬೇಕೋ’ ಎಂದು ಕೇಳಿದ್ದು ಅದರ ಮಾರನೆಯ ದಿನ. ಹಾಗೆ ನಾವು ಸೋಲಾಪುರ ಕಡೆಯ ಒಂದು ಆಸ್ಪತ್ರೆಗೆ ಹೋದದ್ದು, ಅಲ್ಲಿ ಕುಡಿತ ಬಿಡಿಸುತ್ತಾರೆಂದು ಕೇಳಿ.

ಬಿಡಿಸಿದರು. ಬಿಡಿಸಿ ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಇಲ್ಲಿಗೆ ಅರ್ಧ ಕೆಲಸವಾಯಿತು, ಇನ್ನರ್ಧ ನಿಮ್ಮದು ಎಂದರು. ಡಾಕ್ಟರ ಮರಾಠಿ ನನ್ನ ಮರಾಠಿಗಿಂತ ಜೋರಾಗಿ ಓಡುತ್ತಿತ್ತು. ಹಿಡಿದಷ್ಟು ಹಿಡಿದುಕೊಂಡೆ. ದಿನಾ ಬೆಳಗ್ಗೆ ಒಂದು ಗುಳಿಗೆಯನ್ನು ನನ್ನ ಕೈಯಿಂದಲೇ ನುಂಗಿಸಬೇಕು. ಗುಳಿಗೆ ಹೊಟ್ಟೆಯಲ್ಲಿರುವಾಗ ಒಂದು ಗುಟುಕು ಒಳಗೆ ಹೋದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಮನುಷ್ಯ ನೆಲ ಹಿಡಿಯುತ್ತಾನೆ. ಹಳೆಯ ಗೆಳೆಯರನ್ನು ದೂರ ಇಡಬೇಕು. ಟಾನಿಕ್ಕು, ಕೆಮ್ಮಿನ ಔಷಧ ಎಂದು ಸಿಕ್ಕಿದ್ದೆಲ್ಲ ಕುಡಿಸಬಾರದು. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಕುಡಿತ ಬಿಟ್ಟ ಬೇರೆಯವರ ಜೊತೆ ಕೂರಿಸಿ ಮಾತಾಡಿಸಬೇಕು.

‘ಬಿಟ್ಟವರನ್ನ ಎಲ್ಲಿಂದ ತರ್ಲಿ?’ ಎಂದು ಕೇಳಿದೆ.

ನಿಮ್ಮ ಊರಲ್ಲೇ ಹುಡುಕಿ ಎಂದರು. ಕುಡಿಯುವವರನ್ನು ಹುಡುಕು ಎಂದಿದ್ದರೆ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ಮುಟ್ಟುವಷ್ಟರಲ್ಲಿ ಒಂದು ಗಾಡಿ ತುಂಬಿಸಿಕೊಂಡು ಬರುತ್ತಿದ್ದೆ.

ಸಾಹೇಬರು ನೌಕರಿಗೆ ಸೇರಿಸಿಕೊಂಡರು, ಆದರೆ ಸ್ಟೇರಿಂಗ್ ಕೊಡಲಿಲ್ಲ. ಆ ಡಿಪೋದಲ್ಲಿ ಒಂದು ಪದ್ಧತಿಯಿತ್ತು. ವಾಸನೆ ಹಿಡಿಯುವ ಯಂತ್ರಗಿಂತ್ರ ಇನ್ನೂ ನಮ್ಮ ಕಡೆ ಬಂದಿರಲಿಲ್ಲ; ಸಾಹೇಬರ ಮೂಗೇ ಯಂತ್ರ. ಬೆಳಗ್ಗೆ ಡ್ಯೂಟಿಗೆ ಬಂದ ಡ್ರೈವರುಗಳು ಗೇಟಿನ ಮುಂದೆ ಸಾಲಾಗಿ ನಿಲ್ಲಬೇಕು. ಸಾಹೇಬರು ಒಬ್ಬೊಬ್ಬರ ಎದುರು ಬಂದು ‘ಹಾ ಅನ್ನು’ ಎನ್ನುತ್ತಿದ್ದರು. ಡ್ರೈವರ್ ಬಾಯಿ ತೆರೆದು ‘ಹಾ’ ಎಂದು ಉಸಿರು ಬಿಡಬೇಕು. ವಾಸನೆ ಇಲ್ಲದಿದ್ದರೆ, ‘ಹ್ಞೂ, ಗಾಡಿ ತಗೊಂಡು ಹೋಗು.’ ನಮ್ಮವರೂ ಸಾಲಿನಲ್ಲಿ ನಿಂತು ‘ಹಾ’ ಎನ್ನುತ್ತಿದ್ದರು. ಅವರಿಗೆ ಮಾತ್ರ, ‘ಹ್ಞೂ, ಹೋಗಿ ಗಾಡಿ ತೊಳಿ’ ಎಂದು ಅಪ್ಪಣೆಯಾಗುತ್ತಿತ್ತು. ದೀಪಾವಳಿಯವರೆಗೆ ಒಂದು ದಿನವೂ ವಾಸನೆ ಬರದಿದ್ದರೆ ಜೇವರ್ಗಿ ಗಾಡಿ ತಿರುಗಿ ಅವರದು. ಒಂದು ದಿನ ಬಂದರೂ ನೌಕರಿಯೇ ಇಲ್ಲ. ಬಸ್ಸು ತೊಳೆದು ಒದ್ದೆಯಾಗಿ ಮನೆಗೆ ಬಂದಾಗ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ತಾನೇ ಓಡಿಸುತ್ತಿದ್ದ ಗಾಡಿಯನ್ನು ಇನ್ನೊಬ್ಬ ಓಡಿಸಲಿ ಎಂದು ತಿಕ್ಕಿ ತಿಕ್ಕಿ ತೊಳೆಯುವುದೆಂದರೆ ಏನೆಂದು ನನಗೆ ಗೊತ್ತಾಗುತ್ತಿತ್ತು.

ಇತ್ತ ಊರಿನವರ ಕಾಳಜಿ. ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಟ್ಟಲು ಹಿಡಿದುಕೊಂಡೇ ಅವರ ಹತ್ತಿರ ಸುಳಿದು, ಮೂಗು ಅರಳಿಸಿ ನೋಡಿ ಹೋಗುತ್ತಿದ್ದಳು. ಅವಳ ಮನೆಯಲ್ಲಿ ಆ ವರ್ಷ ಹೆಪ್ಪು ದಿನಾ ತೀರುತ್ತಿತ್ತು. ಮದುವೆಗಳಿಗೆ ಹೋದರೆ ಬೀಗರು ಮೂಲೆಗೆ ಕರೆದು, ‘ಪೂರಾ ಬಿಟ್ಟವರಿಗೆ ಒಂದು ಗುಟುಕಿಗೆ ಏನೂ ಆಗಂಗಿಲ್ರಿ, ತಗೋರಿ’ ಎಂದು ಪ್ರೀತಿ ಮಾಡುತ್ತಿದ್ದರು. ಹಳೆಯ ಗೆಳೆಯರು ಗುಂಪು ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತರು. ಮನೆಯಲ್ಲಿ ಹೆಣ ಇಟ್ಟಿದ್ದಾರೋ ಎಂಬ ಹಾಗೆ. ಡಾಕ್ಟರು ಹೇಳಿದ್ದನ್ನು ಹೇಳಿ, ಬರಬೇಡಿ ಎಂದೆ.

‘ನಾವೇನು ಕುಡಿಸಾಕ ಬಂದಿಲ್ರಿ ಅಕ್ಕಾರ, ನೋಡಾಕ ಬಂದೇವಿ’ ಎಂದರು.

ನೋಡಿದರು. ಚಾ ಆಗುವತನಕ ನೋಡಿದರು, ಚಾ ಕುಡಿದು ಎದ್ದು ಹೋದರು. ಹೋಗುವಾಗ ಒಬ್ಬ ಕಣ್ಣೊರೆಸಿಕೊಂಡ.

ಬಿಟ್ಟವರು ಕೊನೆಗೂ ಇಬ್ಬರು ಸಿಕ್ಕರು. ಒಬ್ಬರು ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಮಿಸ್ತ್ರಿ. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಇನ್ನೊಬ್ಬರು ಅತನೂರಿನ ಮಾಸ್ತರರು. ಅವರದು ಮಾತೇ ಜಾಸ್ತಿ. ಪ್ರತಿವರ್ಷ ಗಾಂಧೀಜಯಂತಿಗೆ ಮದ್ಯಪಾನದ ದುಷ್ಪರಿಣಾಮಗಳ ಮೇಲೆ ಅವರು ಮಾಡುತ್ತಿದ್ದ ಭಾಷಣ ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಚೆನ್ನಾಗಿ ಕುಡಿದ ವರ್ಷ ಚೆನ್ನಾಗಿ ಮಾತಾಡುತ್ತಿದ್ದರಂತೆ. ಬಿಟ್ಟ ಮೇಲೆ ಭಾಷಣದಲ್ಲಿ ಮೊದಲಿನ ಜೋರಿಲ್ಲ ಎಂದು ಹೆಡ್‌ಮಾಸ್ತರರೇ ಬೇಸರ ಮಾಡಿಕೊಂಡಿದ್ದರು.

ಗುರುವಾರ ಸಂಜೆ ಮೂವರೂ ನಮ್ಮ ಪಡಸಾಲೆಯಲ್ಲಿ ಕೂರುತ್ತಿದ್ದರು. ಅದಕ್ಕೆ ಬೈಠಕ್ ಎಂದು ಹೆಸರಾಯಿತು. ನಾನು ಜಂಪರ್ ಹೊಲಿಯುವ ಮಶೀನು ಅಲ್ಲೇ ಇತ್ತು. ಯಾರಾದರೂ ಮಾತಾಡುವಾಗ ತುಳಿಯುವುದು ನಿಲ್ಲಿಸುತ್ತಿದ್ದೆ. ನಿಯಮ ಒಂದೇ, ವಾರದಲ್ಲಿ ಕುಡಿದೆಯೋ ಇಲ್ಲವೋ ಎಂಬುದನ್ನು ಖರೆ ಹೇಳಬೇಕು. ಮಿಸ್ತ್ರಿ, ‘ಈ ವಾರ ಪಾಸ್’ ಎನ್ನುತ್ತಿದ್ದರು. ನಮ್ಮವರು ‘ಕುಡೀಲಿಲ್ಲ’ ಎನ್ನುತ್ತಿದ್ದರು. ಮಾಸ್ತರರು ಅದೇ ಮಾತನ್ನು ಪೀಠಿಕೆ, ಉದಾಹರಣೆ, ಉಪಸಂಹಾರ ಹಚ್ಚಿ ಹೇಳುವಷ್ಟರಲ್ಲಿ ನಾನು ಒಂದು ಜಂಪರಿನ ಗುಂಡಿಗಳನ್ನು ಕೈಯಲ್ಲೇ ಹಚ್ಚಿ ಮುಗಿಸುತ್ತಿದ್ದೆ. ಮೂವರು ಗಂಡಸರು ಬಾಗಿಲು ಹಾಕಿಕೊಂಡು ಕೂತರೆ ಓಣಿಯವರು ಇನ್ನೇನು ತಿಳಿಯುತ್ತಾರೆ, ಇಸ್ಪೀಟು ಎಂದು ತಿಳಿದರು. ಸೆರೆ ಬಿಟ್ಟು ಇಸ್ಪೀಟಿಗೆ ಬಿದ್ದ ಎಂದು ಎಲ್ಲರಿಗೂ ಒಂದು ಬಗೆಯ ಸಮಾಧಾನವೂ ಆಯಿತು.

ನಾಗರಪಂಚಮಿ ಕಳೆದ ಮೇಲೆ ನಮ್ಮ ಅತ್ತೆ ಬಂದರು.

ಅತ್ತೆ ಇದ್ದದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ, ದೊಡ್ಡ ಮಗನ ಮನೆಯಲ್ಲಿ. ಪಂಢರಪುರದ ತುಳಸಿಮಾಲೆ ಹಾಕಿಸಿಕೊಂಡವರು. ಮಾಲೆ ಕೊರಳಿಗೆ ಬಿದ್ದ ಮೇಲೆ ಮಾಂಸ ಮುಟ್ಟುವಂತಿಲ್ಲ, ಸೆರೆ ಮುಟ್ಟುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಮೊದಲಿನ ಎರಡು ಅತ್ತೆಗೆ ಬಲು ಸಲೀಸು. ಮೂರನೆಯದರಲ್ಲಿ, ಸೊಸೆಯ ಮಾತು ಬಂದಾಗ, ಸ್ವಲ್ಪ ರಿಯಾಯಿತಿ ತೆಗೆದುಕೊಳ್ಳುತ್ತಿದ್ದರು. ಊರಲ್ಲಿ ಹೆಂಗಸರ ಭಜನೆಗೆ ಅವರೇ ಮುಂದು. ಕುಡಿದವನು ದಾರಿಯಲ್ಲಿ ಎದುರಾದರೆ ಸೆರಗಿನಿಂದ ಮೂಗು ಮುಚ್ಚಿ, ಬಂದ ದಾರಿಗೆ ತಿರುಗಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಮಗ ಕುಡಿಯುತ್ತಿದ್ದಷ್ಟು ವರ್ಷ ನಮ್ಮ ಮನೆಯ ನೀರು ಮುಟ್ಟಿರಲಿಲ್ಲ. ಈಗ ಮಗ ಶುದ್ಧನಾದ ಎಂದು ಕೇಳಿ, ಒಂದು ಗಂಟು ಹೊತ್ತು ಬಂದಿಳಿದರು.

ಬಂದವರೇ ಮಗನ ಗಲ್ಲ ಹಿಡಿದು ನೋಡಿದರು. ‘ಯವ್ವಾ, ಎಲುಬು ಎಣಿಸಂಗ ಆಗ್ಯಾನಲ್ಲ! ಊಟಕ್ಕ ಹಾಕ್ತಿಯೋ ಇಲ್ಲೋ ಬೇ?’

‘ಹಾಕ್ತೇನ್ರಿ ಅತ್ತಿ. ಡಾಕ್ಟರು ತೂಕ ಹೊಳ್ಳಿ ಬರ್ತದ ಅಂದಾರ.’

‘ಒಂದು ಟಾನಿಕ್ ತಂದು ಹಾಕಿಲ್ಲ?’

‘ಡಾಕ್ಟರು ಬ್ಯಾಡ ಅಂದಾರ್ರಿ.’

ನನ್ನ ಜಿಪುಣತನಕ್ಕೆ ನಾನು ಡಾಕ್ಟರ ಹೆಸರು ಹೇಳುತ್ತಿದ್ದೇನೆ ಎಂಬುದು ಅತ್ತೆಗೆ ಸ್ಪಷ್ಟವಾಗಿ ತಿಳಿದುಹೋಗಿತ್ತು. ಅವರ ಗಂಟಿನಲ್ಲಿ ಅವರದೇ ಔಷಧವಿತ್ತು. ಒಣದ್ರಾಕ್ಷಿಯಿಂದ ಮಾಡಿದ್ದು, ಮೊಣಕಾಲು ನೋವಿಗೆ ಯಾವ ವೈದ್ಯರೋ ಯಾವ ಕಾಲದಲ್ಲೋ ಹೇಳಿದ್ದು. ಬಾಟಲಿಯ ಮೇಲೆ ದೇವರ ಚಿತ್ರವಿತ್ತು. ದಿನಾ ಸಂಜೆ ಊಟವಾದ ಮೇಲೆ ಅದರಲ್ಲಿ ಸಣ್ಣ ಲೋಟ ತುಂಬಿಸಿ ಕುಡಿದು, ಎರಡು ಅಭಂಗ ಹೇಳಿ, ಗಾಢವಾಗಿ ಮಲಗಿಬಿಡುತ್ತಿದ್ದರು. ಎಷ್ಟು ನಿಷ್ಠೆಯಿಂದ ಔಷಧ ತೆಗೆದುಕೊಳ್ಳುತ್ತಾರಪ್ಪಾ ಎಂದು ನಾನೇ ಮೆಚ್ಚಿಕೊಂಡಿದ್ದೆ. ಮೊಣಕಾಲು ಮಾತ್ರ ಹಾಗೇ ನೋಯುತ್ತಿತ್ತು.

ಒಂದು ಸೋಮವಾರ ಬೆಳಗ್ಗೆ ನಮ್ಮವರು ನನ್ನ ಕೈಯಿಂದ ಗುಳಿಗೆ ನುಂಗಿ ಡಿಪೋಕ್ಕೆ ಹೊರಟರು. ಸ್ವಲ್ಪ ಹೊತ್ತಿಗೆ ಇಬ್ಬರು ಕಂಡಕ್ಟರುಗಳು ಅವರನ್ನು ಹೆಗಲು ಕೊಟ್ಟು ಕರೆತಂದರು. ಮುಖ ಕೆಂಪು ಮೆಣಸಿನಕಾಯಿ. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೆಯೇ ಕಾಣುತ್ತಿತ್ತು. ಗೇಟಿನ ನಳದ ಹತ್ತಿರ ವಾಂತಿ ಮಾಡಿಕೊಂಡಿದ್ದರಂತೆ. ಸಾಹೇಬರು ‘ಹಾ ಅನ್ನು’ ಎಂದಿದ್ದಾರೆ, ಇವರು ಅಂದಿದ್ದಾರೆ, ವಾಸನೆ ಬಂದಿದೆ. ‘ಮುಂದಿನ ಸೋಮವಾರ ಗುಲ್ಬರ್ಗಾದ ದೊಡ್ಡ ಆಫೀಸಿಗೆ ಬರೀತೀನಿ. ಅಷ್ಟರೊಳಗ ಎಲ್ಲಿ ಕುಡಿದಿ, ಯಾರು ಕುಡಿಸಿದ್ರು ಖರೆ ಹೇಳು, ನೋಡೂನು’ ಎಂದು ಹೇಳಿ ಮನೆಗೆ ಕಳಿಸಿದ್ದಾರೆ.

ನಮ್ಮವರು ಹೇಳಿದ್ದು ಒಂದೇ ಮಾತು. ‘ನಾ ಕುಡಿದಿಲ್ಲ.’

ಡಾಕ್ಟರು ಹೇಳಿದ ಲಕ್ಷಣಗಳೆಲ್ಲ ಒಂದೂ ಬಿಡದೆ ಕಣ್ಣ ಮುಂದೆ ಇದ್ದವು. ನಾನು ಗಂಡನನ್ನು ನಂಬಬೇಕೋ ಗುಳಿಗೆಯನ್ನು ನಂಬಬೇಕೋ? ಗುಳಿಗೆ ಎಂದೂ ನನಗೆ ಸುಳ್ಳು ಹೇಳಿರಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಮಾತ್ರ, ಅದೂ ಬೇಕಾದದ್ದಕ್ಕಿಂತ ಜೋರಾಗಿ. ಅತ್ತೆ ಗಾಳಿ ಸೋಕಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಓಣಿಯವರು ಬಂದು ಬಂದು, ‘ನಮಗ ಮೊದಲೇ ಗೊತ್ತಿತ್ತು’ ಎಂದು ನನ್ನನ್ನು ಸಂತೈಸಿದರು. ಅವರಿಗೆ ಅಷ್ಟು ನಿರಾಳವಾದ ವಾರ ಬಹಳ ದಿನದಿಂದ ಬಂದಿರಲಿಲ್ಲ.

ಗುರುವಾರ ಮಿಸ್ತ್ರಿ, ಮಾಸ್ತರರು ಇಬ್ಬರೂ ಹೊತ್ತಿಗೆ ಸರಿಯಾಗಿ ಬಂದರು. ಮಿಸ್ತ್ರಿ ತಮ್ಮ ‘ಪಾಸ್’ ಹೇಳಿದರು. ಮಾಸ್ತರರು ಅಂದು ಪೀಠಿಕೆಯನ್ನೇ ಮರೆತು, ‘ಇಲ್ಲ’ ಎಂದಷ್ಟೇ ಹೇಳಿದರು. ನಮ್ಮವರ ಸರದಿ ಬಂತು. ನಾನು ಮಶೀನು ನಿಲ್ಲಿಸಿ ಕೂತಿದ್ದೆ. ಅವರು ನೆಲ ನೋಡುತ್ತಿದ್ದರು, ಬಾಯಿ ಬಿಡಲಿಲ್ಲ.

ಆಗ ಅತ್ತೆ ಒಳಗಿನಿಂದ ತಾಟು ಹಿಡಿದುಕೊಂಡು ಬಂದರು. ತಾಟಿನಲ್ಲಿ ಸಣ್ಣ ಲೋಟಗಳು.

‘ತಗೋರಪಾ, ನಾಚಬ್ಯಾಡ್ರಿ. ಮೂರೂ ಮಂದಿ ಮಾರಿ ನೋಡ್ರಿ ಹೆಂಗ ಬತ್ಯಾವ. ಇದು ದ್ರಾಕ್ಷಿ ಔಷಧ. ಅದನ್ನ ಬಿಟ್ಟವರಿಗೆ ಮೈಯಾಗ ಕಸುವು ಬೇಕಲ್ಲ’ ಎಂದು ಮಿಸ್ತ್ರಿಗೊಂದು, ಮಾಸ್ತರರಿಗೊಂದು ಲೋಟ ಕೈಗೇ ಕೊಟ್ಟರು.

ಮಿಸ್ತ್ರಿ ಲೋಟವನ್ನು ಮೂಗಿನ ಹತ್ತಿರ ತರುವ ಮೊದಲೇ ಕೈಯನ್ನು ಆದಷ್ಟು ದೂರ ಚಾಚಿದರು. ‘ಭಾಬಿ, ಇದನ್ನ ತಗೋರಿ. ಲಗೂನ ತಗೋರಿ.’ ನಾನು ತೆಗೆದುಕೊಂಡ ಕೂಡಲೇ ಅಂಗಳಕ್ಕೆ ಇಳಿದು ಬೇವಿನ ಗಿಡದ ಕೆಳಗೆ ನಮಗೆ ಬೆನ್ನು ಮಾಡಿ ನಿಂತರು. ಮಾಸ್ತರರ ಕೈ ದೂರ ಹೋಗಲಿಲ್ಲ. ಅವರ ಕುತ್ತಿಗೆಯೇ ಲೋಟದ ಕಡೆಗೆ ಮೆಲ್ಲಗೆ ಬಾಗುತ್ತಿತ್ತು. ‘ವಾಸನಿ ಛಲೋ ಅದಲ್ರಿ’ ಎಂದರು. ಅದು ಭಾಷಣದ ದನಿಯಾಗಿರಲಿಲ್ಲ.

‘ಮಾಸ್ತರ, ಕೆಳಗಿಡ್ರಿ!’ ನಮ್ಮವರು ಎದ್ದು ನಿಂತು ಕೂಗಿದರು. ‘ಅದು ಸೆರೇನ ಅದ! ಅದನ್ನ ಕುಡಿದೇ ನಾ ಬಿದ್ದೆ!’

ಮಾಸ್ತರರು ಲೋಟ ಕೆಳಗಿಟ್ಟರು. ಅರ್ಧ ಚೆಲ್ಲಿತು. ಪಡಸಾಲೆಯಲ್ಲಿ ಹರಡಿದ ವಾಸನೆ ನನಗೂ ಹೊಸದಲ್ಲ. ಎಷ್ಟೋ ವರ್ಷ ಅದರ ಪಕ್ಕದಲ್ಲೇ ಮಲಗಿದವಳು ನಾನು. ಸ್ವಲ್ಪ ಸಿಹಿ ಬೆರೆತಿತ್ತು, ಅಷ್ಟೇ.

ಅತ್ತೆ ತಾಟು ಹಿಡಿದುಕೊಂಡೇ ನಿಂತಿದ್ದರು. ‘ಏನಂದಿ? ನನ್ನ ಕೈಯಾಗಿಂದು ಸೆರೆ?’

‘ಅವ್ವಾ, ದ್ರಾಕ್ಷಿ ಕೊಳಿಸಿ ಮಾಡ್ತಾರದನ್ನ. ಅದರಾಗ ಅದು ಇರ್ತದ. ಆ ಗುಳಿಗಿ ಮ್ಯಾಲ ನನಗ ಅಷ್ಟೂ ತಡೀಲಿಲ್ಲ.’

ಸೋಮವಾರ ಬೆಳಗ್ಗೆ ಬಚ್ಚಲ ಹತ್ತಿರ ಅತ್ತೆ ಒಂದು ದೊಡ್ಡ ಲೋಟವನ್ನೇ ಕುಡಿಸಿದ್ದರಂತೆ, ಹೆಂಡತಿಯ ಮುಂದೆ ಹೇಳಬೇಡ ಎಂದು ಹೇಳಿ. ನನಗೆ ಸಿಟ್ಟು ಎಲ್ಲಿಂದ ಬಂತೋ, ಅತ್ತೆಯನ್ನು ಬಿಟ್ಟು ಗಂಡನ ಮೇಲೆ ಹೋಯಿತು. ‘ಮೂಗಿಗೆ ವಾಸನಿ ಬಡೀಲಿಲ್ಲೇನು ನಿಮಗ?’

‘ಅವ್ವ ಕೊಟ್ಟಿದ್ದು ಯಾರರ ಮೂಸಿ ನೋಡಿ ಕುಡೀತಾರೇನು?’

‘ಮತ್ತ ಸಾಹೇಬರ ಮುಂದ ಯಾಕ ಹೇಳಲಿಲ್ಲ? ನೌಕರಿ ಹೊಂಟದ ಅಂತ ಗೊತ್ತಿತ್ತಿಲ್ಲೋ?’

‘ಏನಂತ ಹೇಳ್ಲಿ?’ ಎಂದರು. ಅವರ ದನಿ ಇಳಿದುಹೋಗಿತ್ತು. ‘ಮಾಲಿ ಹಾಕ್ಯಾಳ. ನಮ್ಮವ್ವ ದಿನಾ ಕುಡೀತಾಳ್ರಿ, ನನಗೂ ಕುಡಿಸ್ಯಾಳ್ರಿ ಅಂತ ಅಷ್ಟೂ ಡ್ರೈವರ್‌ಗಳ ಮುಂದ ಹೇಳ್ಲೇನು?’

ತನ್ನ ಸ್ಟೇರಿಂಗ್ ಉಳಿಸಿಕೊಳ್ಳಲು ಬಾಯಿ ಬಿಡದ ಮನುಷ್ಯ ಮಾಸ್ತರರ ಕೈಯೊಳಗಿನ ಲೋಟ ನೋಡಿ ಕೂಗಿದ್ದ. ನನಗೆ ಅಳು ಬಂತು. ಅಳುತ್ತಲೇ ನೆಲ ಒರೆಸಿದೆ.

ಅತ್ತೆ ಅಂದು ಊಟ ಮಾಡಲಿಲ್ಲ. ಮೊದಲು ನಮ್ಮೆಲ್ಲರನ್ನೂ ಬೈದರು. ಆಮೇಲೆ ವೈದ್ಯರನ್ನು ಬೈದರು. ಕಡೆಗೆ ಬಾಟಲಿಯನ್ನು ಎದುರಿಗೆ ಇಟ್ಟುಕೊಂಡು, ಅದರ ಮೇಲಿನ ದೇವರನ್ನೂ ಸ್ವಲ್ಪ ಬೈದರು. ದೇವರು ನಗುತ್ತಲೇ ಇದ್ದ.

ಶುಕ್ರವಾರ ಬೆಳಗ್ಗೆ ನಾನು ಕಸ ಹೊಡೆಯುತ್ತಿದ್ದಾಗ ಅತ್ತೆ ಮಡಿ ಸೀರೆ ಉಟ್ಟು ದೇವರ ಮುಂದೆ ನಿಂತಿದ್ದರು. ಕೊರಳಿನ ಮಾಲೆ ತೆಗೆದು ಫೋಟೋದ ಮೊಳೆಗೆ ಹಾಕಿದರು. ಆ ಕೊರಳನ್ನು ಮಾಲೆ ಇಲ್ಲದೆ ನಾನು ಕಂಡದ್ದು ಅದೇ ಮೊದಲು. ಅಲ್ಲಿ ಒಂದು ಬಿಳಿ ಗೆರೆ ಇತ್ತು. ಆಮೇಲೆ ಬಾಟಲಿ ತೆಗೆದು, ಒಂದು ಲೋಟ ತುಂಬಿಸಿ, ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡರು.

‘ಅತ್ತೀ, ಏನ್ ಮಾಡಾಕತ್ತೀರಿ?’

‘ಸಾಹೇಬಗ ವಾಸನಿ ಬೇಕಲ್ಲ. ನಡಿ ಬೇ, ದಾರಿ ತೋರಸು.’

ನಾವು ಡಿಪೋ ಮುಟ್ಟಿದಾಗ ಡ್ರೈವರುಗಳ ಸಾಲು ಇನ್ನೂ ಕರಗಿರಲಿಲ್ಲ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗಿ ಸಾಲಿನ ಕೊನೆಗೆ ನಿಂತುಬಿಟ್ಟರು. ನಾನು ಗೇಟಿನಲ್ಲೇ ಉಳಿದೆ. ಸಾಹೇಬರು ಒಬ್ಬೊಬ್ಬರನ್ನೇ ಮುಗಿಸಿಕೊಂಡು ಬಂದವರು, ಖಾಕಿಯ ಪಕ್ಕದಲ್ಲಿ ಮುದುಕಿಯನ್ನು ಕಂಡು ಬೆಚ್ಚಿದರು.

‘ಯಾರು ಅಜ್ಜಿ ನೀವು? ಇಲ್ಲ್ಯಾಕ ನಿಂತೀರಿ?’

ಅತ್ತೆ ಹೆಸರು ಹೇಳಲಿಲ್ಲ. ಬಾಯಿ ಅಗಲ ತೆರೆದು ‘ಹಾ’ ಎಂದರು. ಇಡೀ ಡಿಪೋಕ್ಕೆ ಕೇಳಿಸುವ ಹಾಗೆ, ಭಜನೆಯಲ್ಲಿ ಪಳಗಿದ ದನಿಯಲ್ಲಿ. ಸಾಹೇಬರು ಒಂದು ಹೆಜ್ಜೆ ಹಿಂದಕ್ಕೆ ಸರಿದು ಕರ್ಚೀಪು ತೆಗೆದರು.

‘ಸೋಮವಾರ ನನ್ನ ಮಗನ ಬಾಯಾಗ ಇದೇ ವಾಸನಿ ಇತ್ತಿಲ್ಲೋ? ಛಂದಂಗ ನೋಡಿ ಹೇಳ್ರಿ.’

‘ಹೌದ್ರಿ. ಇದೇ.’

‘ಕೊಟ್ಟಾಕಿ ನಾನು. ಅವಗ ಗೊತ್ತಿಲ್ಲ. ದಿನಾ ಕುಡ್ಯಾಕಿನೂ ನಾನು, ಔಷಧ ಅಂತ ಕುಡೀತಿದ್ದೆ. ಗುಲ್ಬರ್ಗಾಕ್ಕ ಬರಿಯೂದಿದ್ರ ನನ್ನ ಹೆಸರು ಬರೀರಿ.’

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ಒಬ್ಬನಿಗೆ ಕುರ್ಚಿ ತರಲು ಹೇಳಿ, ‘ಅಜ್ಜೀ, ನೀ ಏನು ಗಾಡಿ ಬಿಡಂಗಿಲ್ಲ. ನಿನ್ನ ಹೆಸರು ಎಲ್ಲಿ ಬರೀಲಿ? ಕುಂಡ್ರು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಅವಗ ಬಾ ಅನ್ನಮ್ಮ. ಗಾಡಿ ತೊಳಿಯೂದು ಬಾಕಿ ಅದ’ ಎಂದರು.

ಗಂಡ ಬಸ್ಸು ತೊಳೆಯಲು ಹೋಗುತ್ತಾನೆಂದು ಓಡೋಡಿ ಬಂದು ಸಂತೋಷದಿಂದ ಎಬ್ಬಿಸಿದ ಹೆಂಡತಿ ನಾನೊಬ್ಬಳೇ ಇರಬೇಕು.

ಸುದ್ದಿ ನಿಂತಲ್ಲಿ ನಿಲ್ಲಲಿಲ್ಲ. ಡಿಪೋದಲ್ಲಿ ಹುಟ್ಟಿದ ಸುದ್ದಿಗೆ ಗಾಡಿಗಳಿಗೇನು ಕೊರತೆ? ಕಂಡಕ್ಟರುಗಳು ಅದನ್ನು ಟಿಕೆಟ್ ಇಲ್ಲದೆ ಹತ್ತಿಸಿಕೊಂಡರು. ಮಧ್ಯಾಹ್ನದ ಗಾಡಿಯಲ್ಲಿ ಆಳಂದ ಮುಟ್ಟಿತು, ಸಂಜೆಗೆ ಕಿಣ್ಣಿ ಸುಲ್ತಾನ. ಮಾಲೆ ಹಾಕಿಕೊಂಡವಳು ಕುಡಿದು ಡಿಪೋಕ್ಕೆ ನುಗ್ಗಿ ಸಾಹೇಬರ ಮುಖಕ್ಕೆ ಊದಿದಳಂತೆ ಎಂದು ಅಲ್ಲಿ ಆಡಿಕೊಂಡರು. ಹೇಳಿಕೆಯಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ತೊಂದರೆ. ಭಜನೆಯ ಹೆಂಗಸರು ಬೇರೆ ಮುಂದಾಳನ್ನು ಮಾಡಿಕೊಂಡರು. ಊರಿಗೆ ಯಾವಾಗ ಹೋಗುತ್ತೀರಿ ಎಂದು ನಾನು ಅತ್ತೆಯನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ದೀಪಾವಳಿ ಮುಗಿಯಿತು. ಒಂದು ಬೆಳಗ್ಗೆ ನಮ್ಮ ಓಣಿಯ ತುದಿಯಲ್ಲಿ ಬಸ್ಸೊಂದು ಸುಮ್ಮಸುಮ್ಮನೆ ಹಾರ್ನ್ ಹೊಡೆಯತೊಡಗಿತು. ಓಡಿಹೋಗಿ ನೋಡಿದರೆ ಜೇವರ್ಗಿ ಬೋರ್ಡು, ಒಳಗೆ ನಮ್ಮವರು. ಅವರು ನನ್ನ ಕಡೆ ನೋಡಲೂ ಇಲ್ಲ, ನೆಟ್ಟಗೆ ದಾರಿ ನೋಡುತ್ತ ಹೋದರು. ಎಷ್ಟು ಹೆಮ್ಮೆ ಎನ್ನುತ್ತೀರಿ! ನನಗೆ ಅವತ್ತು ಅಡಿಗೆಯೇ ಕೈಗೆ ಹತ್ತಲಿಲ್ಲ.

ಅವರ ಕಥೆ ದಡ ಸೇರಿತು, ಅತ್ತೆಯದು ಇನ್ನೂ ನಡುನೀರಿನಲ್ಲಿತ್ತು. ಡಿಪೋದಿಂದ ಬಂದ ದಿನವೇ ಬಾಟಲಿ ಚೆಲ್ಲಿದ್ದರು; ಅಂದಿನಿಂದ ಅವರಿಗೆ ನಿದ್ದೆ ಇಲ್ಲ, ಕೈ ನಡುಗುತ್ತಿತ್ತು, ಕಾರಣವಿಲ್ಲದೆ ನನ್ನ ಮೇಲೆ ರೇಗುತ್ತಿದ್ದರು. ಕಾರಣವಿದ್ದೂ ರೇಗುತ್ತಿದ್ದರೆನ್ನಿ, ಆದರೆ ಇದು ಬೇರೆ. ಸೋಲಾಪುರದ ಡಾಕ್ಟರ ಹತ್ತಿರ ಹೋದಾಗ ಹೇಳಿಕೊಂಡೆ. ಅವರು ನಗಲಿಲ್ಲ, ಆಕೆಯನ್ನೂ ಬೈಠಕ್ಕಿನಲ್ಲಿ ಕೂರಿಸಿ ಎಂದರು. ಮೊದಮೊದಲು ಅತ್ತೆ ಅಡಿಗೆಮನೆಯ ಬಾಗಿಲ ಹಿಂದೆ ಕೂತು ಕೇಳುತ್ತಿದ್ದರು. ಆಮೇಲೆ ಹೊಸ್ತಿಲ ಮೇಲೆ. ಒಂದು ಗುರುವಾರ ಮಿಸ್ತ್ರಿ ಎದ್ದು ತಮ್ಮ ಚಾಪೆಯನ್ನೇ ಅವರ ಕಡೆಗೆ ಸರಿಸಿ, ತಾವು ಬರಿ ನೆಲದ ಮೇಲೆ ಕೂತರು. ‘ಬರ್ರಿ ಅಮ್ಮಾ, ನಿಮ್ಮದೂ ಹೇಳ್ರಿ.’

‘ನಂದೇನು ಕುಡಿತ ಅಲ್ಲಪಾ. ಔಷಧ’ ಎಂದರು ಅತ್ತೆ.

ಮಾಸ್ತರರು ಬಲು ವಿನಯದಿಂದ, ‘ನಾನೂ ಹಂಗೇ ಅಂತಿದ್ದೆ ಅಮ್ಮಾ, ಬರೇ ಥಂಡಿಗೆ ಅಂತ’ ಎಂದರು. ಅದು ಅವರು ನಮ್ಮ ಮನೆಯಲ್ಲಿ ಮಾಡಿದ ಎಲ್ಲಕ್ಕಿಂತ ಸಣ್ಣ ಭಾಷಣ, ಒಳ್ಳೆಯದೂ ಅದೇ.

ಶಿವರಾತ್ರಿಯ ಹೊತ್ತಿಗೆ ಅತ್ತೆಯ ತವರಿನವರೊಬ್ಬರು ಮೊಣಕಾಲು ವಿಚಾರಿಸಲು ಬಂದವರು, ಪ್ರೀತಿಯಿಂದ ಅದೇ ಔಷಧದ ಒಂದು ಬಾಟಲಿ ಬಿಟ್ಟುಹೋದರು. ನಾನು ನೋಡುವಷ್ಟರಲ್ಲಿ ಅರ್ಧವಾಗಿತ್ತು. ‘ಕಾಲಿಗೆ ಹಚ್ಚಿಕೊಂಡೆ’ ಎಂದರು ಅತ್ತೆ. ಕೊರಳಲ್ಲಿ ಮಾಲೆ ಇರಲಿಲ್ಲವಾದ್ದರಿಂದ ಸುಳ್ಳಿಗೆ ಅಡ್ಡಿಯೇನೂ ಇರಲಿಲ್ಲ. ಆದರೆ ಆ ಗುರುವಾರ ಬೈಠಕ್ಕಿನಲ್ಲಿ ಅವರ ಸರದಿ ಬಂದಾಗ ಮಗ ಎದುರಿಗೇ ಕೂತಿದ್ದ. ‘ಕುಡಿದೆ’ ಎಂದರು. ನಮ್ಮವರು ಎದ್ದು ಹೋಗಿ ತಾವೇ ಚಾ ಮಾಡಿ ತಂದು ತಾಯಿಯ ಕೈಗೆ ಕೊಟ್ಟರು. ಚಾ ಬಾಯಿಗಿಡುವಂತಿರಲಿಲ್ಲ. ಅತ್ತೆ ಪೂರಾ ಕುಡಿದರು.

ಅದಾದ ಮೇಲೆ ಮುಟ್ಟಲಿಲ್ಲ.

ಆಷಾಢ ಹತ್ತಿರ ಬಂತು. ಪ್ರತಿವರ್ಷ ಕಿಣ್ಣಿ ಸುಲ್ತಾನದಿಂದ ಪಂಢರಪುರಕ್ಕೆ ನಡೆದು ಹೋಗುವವರ ದಿಂಡಿ ಹೊರಡುತ್ತದೆ. ಅತ್ತೆ ಅದನ್ನು ತಪ್ಪಿಸಿದವರಲ್ಲ. ಈ ಸಲ ಹೋಗಲೋ ಬೇಡವೋ ಎಂದು ಬೈಠಕ್ಕಿನಲ್ಲೇ ಕೇಳಿದರು. ಹೋದರೆ ಮಾಲೆ ಬೇಕು. ಊರಿನವರು ಏನೆನ್ನುತ್ತಾರೋ ಎಂಬುದಕ್ಕಿಂತ, ಆ ಮಾಲೆ ಮುಟ್ಟಲು ಅವರಿಗೇ ಹೆದರಿಕೆ. ಮಿಸ್ತ್ರಿ, ‘ನನ್ನ ಕಡಿಂದ ಪಾಸ್’ ಎಂದರು. ಅತ್ತೆ ಮಗನ ಮುಖ ನೋಡಿದರು. ನಮ್ಮವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಡಿಪೋ ಕಡೆ ಹೋದರು.

ಮರುದಿನ ಬೆಳಗ್ಗೆ ನಮ್ಮವರಿಗೆ ಆಳಂದ ಗಾಡಿಯ ಡ್ಯೂಟಿ. ಕೇಳಿ ಹಾಕಿಸಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಖಾಕಿ ಹಾಕಿಕೊಂಡು ಹೊರಗೆ ಬಂದಾಗ ಅತ್ತೆ ಗಂಟು ಕಾಲ ಹತ್ತಿರ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಮಾಲೆ ಮೊಳೆಯಿಂದ ಕೈಗೆ ಬಂದಿತ್ತು, ಕೈಯಿಂದ ಕೊರಳಿಗೆ ಹೋಗಿರಲಿಲ್ಲ.

ನಮ್ಮವರು ಅವರ ಎದುರು ಹೋಗಿ ನೆಟ್ಟಗೆ ನಿಂತರು.

‘ಅವ್ವಾ, ಹಾ ಅನ್ನು.’

ನಾನು ನಗಲು ಬಾಯಿ ತೆರೆದವಳು ಸುಮ್ಮನಾದೆ. ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಅತ್ತೆ ಒಮ್ಮೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಕಣ್ಣು ಮುಚ್ಚಿ ಬಾಯಿ ತೆರೆದು ‘ಹಾ’ ಎಂದರು. ಈ ಸಲ ಡಿಪೋಕ್ಕೆ ಕೇಳಿಸುವ ಹಾಗಲ್ಲ, ಮಗನಿಗಷ್ಟೇ ಕೇಳಿಸುವ ಹಾಗೆ. ಅವರು ಬಾಗಿ, ಸಾಹೇಬರು ನೋಡುವಂತೆಯೇ ಮೂಗು ಹತ್ತಿರ ತಂದು, ಸರಿಯಾಗಿ ನೋಡಿದರು. ತಾಯಿ ಕೊಟ್ಟದ್ದನ್ನು ಮೂಸದೆ ಕುಡಿದ ಮಗ, ತಾಯಿಯ ಬಾಯಿಯನ್ನು ಮೂಸಿ ನೋಡಿದ.

‘ಹ್ಞೂ’ ಎಂದರು. ‘ಗಾಡಿ ತಗೊಂಡು ಹೋಗು.’

ಅತ್ತೆಯ ಕಣ್ಣಲ್ಲಿ ನೀರು ಬಂತು. ಮಾಲೆ ಕೊರಳಿಗೆ ಹಾಕಿಕೊಂಡು ಸೆರಗು ಸರಿಮಾಡಿದರು. ಆಮೇಲೆ ಮಗನ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡು, ‘ಈಗ ನೀ ಅನ್ನು’ ಎಂದರು.